ಸೌನಾ ಬಿಟ್ಟು ಅರವತ್ತೊಂದು ದಿನ

ಹೊಸ ಸೌನಾದ ಚಿಮಣಿಯಲ್ಲಿ ಹೊಗೆ ಎದ್ದದ್ದು ಮಧ್ಯಾಹ್ನ ಎರಡಕ್ಕೆ. ಆಮೇಲೆ ರೀಕ್ಕ ಆ ಕಡೆ ನೋಡಬಾರದು ಎಂದುಕೊಂಡೇ ಮೂರು ಸಲ ನೋಡಿದಳು. ಮೊದಲ ಸಲ ಹೊಗೆ ಕಪ್ಪಗಿತ್ತು, ಎರಡನೆಯ ಸಲ ಬೂದು. ಮೂರನೆಯ ಸಲ ಹೊಗೆಯೇ ಇರಲಿಲ್ಲ, ಚಿಮಣಿಯ ಬಾಯಿಯ ಮೇಲೆ ಗಾಳಿ ಮಾತ್ರ ನಡುಗುತ್ತಿತ್ತು. ಅಂದರೆ ಬೆಂಕಿ ಚೆನ್ನಾಗಿ ಹಿಡಿದಿದೆ, ಒಲೆಯ ಮೇಲಿನ ಕಲ್ಲುಗಳು ಕಾಯುತ್ತಿವೆ. ಐದು ಗಂಟೆಯ ಹೊತ್ತಿಗೆ ಬೆವರು ಸ್ನಾನದ ಆ ಮರದ ಕೋಣೆಯೊಳಗೆ ತೊಂಬತ್ತು ಡಿಗ್ರಿ ಆಗಿರುತ್ತದೆ. ಆಗ ಮಾವ ಔಲಿಸ್ ಮಗನನ್ನು ಕೂಗುತ್ತಾನೆ.

ಅವಳು ದೋಣಿ ಕಟ್ಟುವ ದಕ್ಕೆಯ ಹಲಗೆಯ ಮೇಲೆ ಕೂತು ಹೊಸ ಆಲೂಗಡ್ಡೆ ಉಜ್ಜುತ್ತಿದ್ದಳು. ಯುಹಾನ್ನುಸ್ ಹಬ್ಬದ ಹಿಂದಿನ ದಿನ. ಬೇಸಗೆಯ ನಡುಮಧ್ಯದ ಈ ಹಬ್ಬಕ್ಕೆ ಗಂಡನ ಮನೆಯವರೆಲ್ಲ ಸೈಮಾ ಸರೋವರದ ಈ ದ್ವೀಪಕ್ಕೆ ಬರುವುದು ನಲವತ್ತು ವರ್ಷದ ರೂಢಿ. ದ್ವೀಪಕ್ಕೆ ಇರುವುದು ಒಂದೇ ದೋಣಿ, ಔಲಿಸನದು. ಬೆಳಗ್ಗೆ ಅವನೇ ದಡದಿಂದ ಕರೆತಂದಿದ್ದ. ವಾಪಸು ಬಿಡುವುದು ಭಾನುವಾರ ರಾತ್ರಿ. ಅಲ್ಲಿಯವರೆಗೆ ಮೂರು ಸಂಜೆ, ಮೂರು ಸೌನಾ.

ಇವತ್ತು ಅರವತ್ತೊಂದನೆಯ ದಿನ. ಊರಿನ ಮನೆಯಲ್ಲಿ, ಅಡುಗೆಮನೆಯ ಕಪಾಟಿನ ಬಾಗಿಲಿನ ಒಳಮೈಗೆ, ಯಾರಿಗೂ ಕಾಣದ ಹಾಗೆ ಅಂಟಿಸಿದ ಕ್ಯಾಲೆಂಡರಿನಲ್ಲಿ ಏಪ್ರಿಲ್ ಇಪ್ಪತ್ತೆರಡರಿಂದ ಅವಳು ದಿನಕ್ಕೊಂದು ಗೀಟು ಎಳೆಯುತ್ತ ಬಂದಿದ್ದಳು. ಆಗಸ್ಟ್ ಹದಿನೈದಕ್ಕೆ ಒಂದು ಸುತ್ತು ಹಾಕಿದ್ದಳು. ಆವತ್ತು ಆಸ್ಪತ್ರೆಯಲ್ಲಿ ಅವಳ ಅಂಡಾಣು ತೆಗೆಯುತ್ತಾರೆ, ಆವತ್ತೇ ಗಂಡ ಸಾಂಪ್ಸನ ವೀರ್ಯಾಣು ಬೇಕು. ಇದು ಮೂರನೆಯ ಪ್ರಯತ್ನ, ಕೊನೆಯದು. ಸೆಪ್ಟೆಂಬರ್ ಮೂರಕ್ಕೆ ಅವಳಿಗೆ ನಲವತ್ತು ತುಂಬುತ್ತದೆ. ನಲವತ್ತು ತುಂಬಿದವರಿಗೆ ಆ ಆಸ್ಪತ್ರೆಯ ಬಾಗಿಲು ತೆರೆಯುವುದಿಲ್ಲ.

ಫೆಬ್ರವರಿಯ ಎರಡನೆಯ ಪ್ರಯತ್ನದಲ್ಲಿ ಅವಳಿಂದ ಸಿಕ್ಕಿದ್ದು ಎರಡೇ ಅಂಡಾಣು. ಒಂದು ಪಕ್ವವಾಗಿತ್ತು, ಇನ್ನೊಂದು ಅರ್ಧಕ್ಕೇ ನಿಂತಿತ್ತು. ಪಕ್ವವಾದದ್ದಕ್ಕೆ ಕೂಡಿಸಲು ಸಾಂಪ್ಸನ ಕಡೆಯಿಂದ ಸರಿಯಾಗಿ ಈಜುವ ಒಂದನ್ನು ಹುಡುಕುವಷ್ಟರಲ್ಲಿ ಲ್ಯಾಬಿನವರು ಸುಸ್ತಾಗಿದ್ದರು. ಅದೂ ಮೂರನೆಯ ದಿನಕ್ಕೆ ಬೆಳೆಯುವುದನ್ನು ನಿಲ್ಲಿಸಿತು.

ಏಪ್ರಿಲಿನಲ್ಲಿ ಹೊಸ ಡಾಕ್ಟರು, ಚಿಕ್ಕ ವಯಸ್ಸಿನವಳು, ಕಾಗದ ತಿರುವುತ್ತ ತಿರುವುತ್ತ ಏನೋ ನೆನಪಾದ ಹಾಗೆ ಕೇಳಿದ್ದಳು. "ಸೌನಾಗೆ ವಾರಕ್ಕೆ ಎಷ್ಟು ಸಲ ಹೋಗ್ತೀರಿ?"

"ಮಾಮೂಲಿ," ಎಂದ ಸಾಂಪ್ಸ.

"ಮಾಮೂಲಿ ಅಂದ್ರೆ?"

"ದಿನಾ. ಭಾನುವಾರ ಎರಡು ಸಲ."

ಡಾಕ್ಟರು ಪೆನ್ನು ಕೆಳಗಿಟ್ಟು, ಇವತ್ತಿನಿಂದ ಅದು ಬೇಡ ಎಂದಳು. ನಾಲ್ಕು ವರ್ಷದಲ್ಲಿ ಮೂವರು ಡಾಕ್ಟರು, ಆರು ನರ್ಸುಗಳು. ಸಿಗರೇಟು ಕೇಳಿದ್ದರು, ಬಿಯರು ಕೇಳಿದ್ದರು, ಸೈಕಲ್ ಕೂಡ ಕೇಳಿದ್ದರು. ಸೌನಾ ಯಾರೂ ಕೇಳಿರಲಿಲ್ಲ. ಕೇಳಬೇಕೆಂದು ಅವರಿಗೆ ಹೊಳೆದೇ ಇರಲಿಲ್ಲ. ದಿನಾ ಮುಖ ತೊಳೀತೀರಾ ಎಂದು ಯಾರು ಯಾರನ್ನು ಕೇಳುತ್ತಾರೆ? ಆ ಡಾಕ್ಟರಿಗೂ ಮನೆಯಲ್ಲಿ ಸೌನಾ ಇತ್ತು, ಸಂಜೆ ಹೋಗಿ ಅದರಲ್ಲೇ ಕೂರುವವಳು ಅವಳೂ.

ಆದರೆ ರೀಕ್ಕಳಿಗೆ ಹೊಳೆಯಬೇಕಿತ್ತು. ಅವಳು ಜೀವಶಾಸ್ತ್ರದ ಟೀಚರು. ಹದಿನಾಲ್ಕು ವರ್ಷದಿಂದ ಪ್ರತಿ ವಸಂತದಲ್ಲೂ ಹದಿನೇಳರ ಮಕ್ಕಳ ಮುಂದೆ ನಿಂತು ಅದೇ ಪಾಠ ಮಾಡುತ್ತ ಬಂದಿದ್ದಳು. ಹೆಣ್ಣು ತನ್ನ ಅಂಡಾಣುಗಳನ್ನೆಲ್ಲ ತಾಯಿಯ ಹೊಟ್ಟೆಯಲ್ಲಿರುವಾಗಲೇ ಮಾಡಿಕೊಂಡುಬಿಟ್ಟಿರುತ್ತಾಳೆ. ಅವು ಎರಡಾಗಿ ಒಡೆಯುವ ಕೆಲಸವನ್ನು ಶುರು ಮಾಡಿ, ಅರ್ಧಕ್ಕೆ ನಿಲ್ಲಿಸಿ, ಹಾಗೇ ಕಾಯುತ್ತ ಕೂರುತ್ತವೆ. ಹದಿನೈದು ವರ್ಷ, ಇಪ್ಪತ್ತು, ನಲವತ್ತು. ತಿಂಗಳಿಗೊಂದು ಮಾತ್ರ ನಿಂತಲ್ಲಿಂದ ಮುಂದೆ ಹೆಜ್ಜೆ ಇಡುತ್ತದೆ, ಉಳಿದವು ಕಾದು ಕಾದು ಕರಗಿಹೋಗುತ್ತವೆ. ಹೊಸದಾಗಿ ಒಂದೂ ಹುಟ್ಟುವುದಿಲ್ಲ. ಗಂಡಿನದು ಬೇರೆ ಲೆಕ್ಕ. ಹರೆಯ ಬಂದ ದಿನದಿಂದ ಅವನ ಕಾರ್ಖಾನೆ ನಿಲ್ಲುವುದೇ ಇಲ್ಲ. ಒಂದು ವೀರ್ಯಾಣು ಹುಟ್ಟಿ, ಒಡೆದು, ಬಾಲ ಮೂಡಿ, ಈಜು ಕಲಿತು ಹೊರಬರಲು ಮೂರು ತಿಂಗಳಿಗೆ ಸ್ವಲ್ಪ ಕಮ್ಮಿ. ಅಷ್ಟೂ ದಿನ ಅವಕ್ಕೆ ತಂಪು ಬೇಕು, ಮೈಯ ಬಿಸಿಗಿಂತ ಎರಡು ಮೂರು ಡಿಗ್ರಿ ಕಮ್ಮಿ. ಅದಕ್ಕೇ ಗಂಡಸಿನ ಆ ಚೀಲ ಹೊರಗೆ ನೇತಾಡುವುದು. ಇಷ್ಟು ಹೇಳುವಾಗ ಹಿಂದಿನ ಬೆಂಚಿನ ಹುಡುಗರು ಕಿಸಕ್ಕೆಂದು ನಗುತ್ತಿದ್ದರು. ಅವಳೂ ನಗು ತಡೆದುಕೊಂಡು ಬೋರ್ಡಿನ ಮೇಲೆ "ಮೂವತ್ತನಾಲ್ಕು ಡಿಗ್ರಿ" ಎಂದು ಬರೆಯುತ್ತಿದ್ದಳು. ಬರೆದು, ಕೈಯ ಸೀಮೆಸುಣ್ಣ ಕೊಡವಿಕೊಂಡು ಮನೆಗೆ ಬಂದು, ಗಂಡ ಬರುವ ಹೊತ್ತಿಗೆ ಸರಿಹೋಗಲೆಂದು ತಾನೇ ಸೌನಾದ ಗುಂಡಿ ತಿರುಗಿಸುತ್ತಿದ್ದಳು. ಎಂಬತ್ತೈದಕ್ಕೆ.

ಹದಿನಾಲ್ಕು ವರ್ಷ.

"ಸಿಪ್ಪೆ ಎಲ್ಲಾ ಹೋಯ್ತಲ್ಲೇ, ಇನ್ನೂ ಉಜ್ಜಿದ್ರೆ ಆಲೂಗಡ್ಡೇನೂ ಉಳಿಯಲ್ಲ."

ಅತ್ತೆ ಹಿಲ್ಕ ಬಂದು ಪಕ್ಕದಲ್ಲಿ ಕೂತದ್ದು ರೀಕ್ಕಳಿಗೆ ಗೊತ್ತಾಗಿರಲಿಲ್ಲ. ಎಪ್ಪತ್ತಾರರ ಹಿಲ್ಕ ಸಬ್ಬಸಿಗೆ ಸೊಪ್ಪಿನ ಕಟ್ಟನ್ನು ನೀರಿಗೆ ಅದ್ದಿ ಕೊಡವಿದಳು. ಎದುರಿನ ದಡ ನೋಡುತ್ತ ಹೇಳಿದಳು.

"ನಾನು ಯಾವತ್ತೂ ನಿಮ್ಮಿಬ್ಬರ ಮಧ್ಯೆ ಬಂದೋಳಲ್ಲ."

"ಇಲ್ಲ ಹಿಲ್ಕ."

"ನಿನಗೆ ಡಾಕ್ಟರು ಬಿಸಿ ಬೇಡ ಅಂದ್ರೆ ಬೇಡ. ನೀನು ಹೋಗ್ಬೇಡ, ಯಾರೂ ಏನೂ ಅನ್ನಲ್ಲ. ಆದ್ರೆ ಅವನನ್ನ ಯಾಕಮ್ಮ ಹಿಡಿದಿಟ್ಕೊಂಡಿದೀಯ? ಎರಡು ತಿಂಗಳಿಂದ ಹೆಂಡತಿ ಜೊತೆಗೆ ಇರ್ತೀನಿ, ಹೆಂಡತಿಗೆ ಬೇಜಾರಾಗುತ್ತೆ ಅಂತ ಸೌನಾ ಮುಖ ನೋಡಿಲ್ಲ. ಅವರಪ್ಪ ಬಾಯಿ ಬಿಟ್ಟು ಹೇಳಲ್ಲ. ಊಟ ಸರಿಯಾಗಿ ಮಾಡ್ತಿಲ್ಲ, ಅಷ್ಟೆ."

ರೀಕ್ಕಳ ಕೈಯ ಆಲೂಗಡ್ಡೆ ಜಾರಿ ನೀರಿಗೆ ಬಿತ್ತು. ತಿಳಿನೀರಿನಲ್ಲಿ ಅದು ತಳ ಮುಟ್ಟುವವರೆಗೂ ಕಾಣುತ್ತಿತ್ತು.

"ಹಾಗಂತ ಅವನು ಹೇಳಿದ್ನಾ?"

"ಮತ್ತೆ ಇನ್ಯಾರು ಹೇಳ್ತಾರೆ?" ಎಂದು ಹಿಲ್ಕ ಎದ್ದಳು. "ನಿನ್ನ ತೊಂದರೆ ನನಗೆ ಅರ್ಥ ಆಗುತ್ತೆ ಮಗಳೆ. ಎಲ್ಲ ಹೆಂಗಸರ ಮೈಯೂ ಒಂದೇ ಥರ ಇರಲ್ಲ."

ಮರುಕ ತುಂಬಿದ ಆ ಮಾತು ಹೋಗಿ ನಾಟಿದ ಜಾಗ ರೀಕ್ಕಳಿಗೆ ಸ್ಪಷ್ಟವಾಗಿ ತಿಳಿಯಿತು.

ಸಾಂಪ್ಸ ಸೌದೆ ಒಟ್ಟಿದ ಕಡೆ ಇದ್ದ. ತಂದೆಗಾಗಿ ಬರ್ಚ್ ಮರದ ಕೊರಡು ಸೀಳುತ್ತಿದ್ದ. ಬೇಕಾದ್ದಕ್ಕಿಂತ ಹೆಚ್ಚೇ ಸೀಳಿದ್ದ. ನಲವತ್ತೊಂದರ ಗಂಡಸು, ಸಿಕ್ಕಿಬಿದ್ದ ಮಗುವಿನ ಹಾಗೆ ಕೊಡಲಿ ಕೆಳಗಿಟ್ಟ.

"ನನಗೆ ಬಿಸಿ ಆಗಲ್ಲ ಅಂತ ಹೇಳಿದೀಯಂತೆ."

"ಮೆಲ್ಲಗೆ ಮಾತಾಡು."

"ಮೆಲ್ಲಗೇ ಮಾತಾಡ್ತಿದೀನಿ."

"ಏನಂತ ಹೇಳ್ಲಿ ರೀಕ್ಕ? ಅಪ್ಪ ಫೋನಲ್ಲಿ ಕೇಳ್ತಾನೇ ಇದ್ದ. ಜ್ವರನಾ, ಎದೆನೋವಾ, ಏನು ಬಂತೋ ನಿಂಗೆ ಅಂತ. ನಿನ್ ಮೇಲೆ ಹೇಳಿದ್ರೆ ಯಾರೂ ಮುಂದಕ್ಕೆ ಕೇಳಲ್ಲ. ಹೆಂಗಸರ ವಿಷ್ಯ ಅಂದ್ರೆ ಅಪ್ಪ ಫೋನೇ ಇಟ್ಬಿಡ್ತಾನೆ."

"ಅಂದ್ರೆ ಕೊರತೆ ನನ್ನದೇ ಅಂತ ನಾಲ್ಕು ವರ್ಷದಿಂದ ಎಲ್ಲರೂ ಅಂದ್ಕೊಂಡಿದ್ದಕ್ಕೆ ನೀನೇ ಸಹಿ ಹಾಕ್ಕೊಟ್ಟೆ."

ಅವನು ಕೊಡಲಿಯ ಹಿಡಿಯನ್ನು ಬೂಟಿನ ತುದಿಯಿಂದ ಒದ್ದ. "ಇವತ್ತು ನಾನು ಹೋಗ್ಲೇಬೇಕು. ಅಪ್ಪ ಎರಡು ಚಳಿಗಾಲ ಮಂಜುಗಡ್ಡೆ ಮೇಲೆ ಮರ ಎಳೆದು ತಂದು ಈ ಸೌನಾ ಕಟ್ಟಿದಾನೆ. ಎಪ್ಪತ್ತೆಂಟು ವಯಸ್ಸು. ಕಾದ ಕಲ್ಲಿಗೆ ನೀರು ಸುರಿದು ಮೊದಲ ಆವಿ ನೀನೇ ಎಬ್ಬಿಸ್ಬೇಕು ಅಂದಿದಾನೆ. ಬೇಡ ಅನ್ನೋಕೆ ಆಗುತ್ತಾ? ಒಂದ್ಸಲ. ಒಂದ್ಸಲಕ್ಕೆ ಏನಾಗುತ್ತೆ?"

ಇದನ್ನು ಅವಳು ಡಾಕ್ಟರನ್ನೇ ಕೇಳಿದ್ದಳು. ಒಂದು ಸಲಕ್ಕೆ ಏನಾಗುತ್ತದೆಂದು ಯಾರೂ ಅಳೆದಿಲ್ಲ, ಏನೂ ಆಗದಿರಬಹುದು ಎಂದಿದ್ದಳು ಡಾಕ್ಟರು. ಆದರೆ ಔಲಿಸನ ಸೌನಾ ಒಂದು ಸಲಕ್ಕೆ ಮುಗಿಯುವುದಲ್ಲ. ಒಳಗೆ ಹೋಗಿ ಬೆವರಿ, ಹೊರಗೆ ಬಂದು ನೀರಿಗೆ ಬಿದ್ದು, ಮತ್ತೆ ಒಳಗೆ. ಸಂಜೆಗೆ ನಾಲ್ಕು ಸುತ್ತು, ಮೂರು ಸಂಜೆ. ಆಗಸ್ಟ್ ಹದಿನೈದಕ್ಕೆ ಬೇಕಾದ ವೀರ್ಯಾಣುಗಳು ಒಂದು ತಿಂಗಳ ಹಿಂದೆ ಹುಟ್ಟಿ, ಈಗ ಇವನ ಮೈಯಲ್ಲಿ ಎರಡಾಗಿ ಒಡೆಯುವ ಹಂತದಲ್ಲಿವೆ. ಬಿಸಿಯನ್ನು ಎಲ್ಲಕ್ಕಿಂತ ಕಮ್ಮಿ ತಾಳುವ ಹಂತ ಅದು. ಬೋರ್ಡಿನ ಮೇಲೆ ಅದನ್ನು ಅವಳು ಕೆಂಪು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು.

"ನಿಜ ಹೇಳ್ಬಿಡು ಸಾಂಪ್ಸ. ನಿಮ್ಮಪ್ಪ ತಾನೆ."

"ಹೇಳಲ್ಲ. ನೀನೂ ಹೇಳಲ್ಲ. ಮಾತು ಕೊಟ್ಟಿದೀಯ."

ಕೊಟ್ಟಿದ್ದಳು. ಆಸ್ಪತ್ರೆಯ ಕಾರು ನಿಲ್ಲಿಸುವ ಜಾಗದಲ್ಲಿ, ಅವನು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅತ್ತ ದಿನ.

ಅಪ್ಪ ಮಗ ಮಾತಾಡುವುದು ಸೌನಾದ ಹಲಗೆಯ ಮೇಲೆ ಮಾತ್ರ ಎಂಬುದೂ ಅವಳಿಗೆ ಗೊತ್ತಿತ್ತು. ಬೇರೆ ಕಡೆ ಅವರ ನಡುವೆ ಇದ್ದದ್ದು ಹವಾಮಾನ ಮತ್ತು ದೋಣಿಯ ಮೋಟಾರು. ಅಜ್ಜ ಸತ್ತದ್ದು, ಕೆಲಸ ಹೋದದ್ದು, ರೀಕ್ಕಳನ್ನು ಮದುವೆಯಾಗುತ್ತೇನೆಂದದ್ದು ಎಲ್ಲ ಆ ಕತ್ತಲಲ್ಲಿ, ಬೆವರು ಒರೆಸಿಕೊಳ್ಳುತ್ತ ಆಡಿದ ಮಾತುಗಳು. ಅಂಥ ಜಾಗದಿಂದ ಅವಳು ಅವನನ್ನು ಅರವತ್ತೊಂದು ದಿನ ದೂರ ಇಟ್ಟಿದ್ದಾಳೆ. ಎಲ್ಲಿ ತಿರುಗಿದರೂ ಗೋಡೆ. ಗೋಡೆ ಇಲ್ಲದ ಕಡೆ ನೀರು.

ನಾಲ್ಕೂವರೆಗೆ ಎಲ್ಲರೂ ಅಂಗಳದ ಮೇಜಿನ ಸುತ್ತ ಕಾಫಿಗೆ ಕೂತರು. ಸ್ಟ್ರಾಬೆರಿ ಕೇಕು. ಔಲಿಸ್ ತಾನೇ ಕಟ್ಟಿದ ಬರ್ಚ್ ಸೊಪ್ಪಿನ, ಪೊರಕೆಯಂಥ ಬರಲುಗಳನ್ನು ಬಕೆಟಿನಲ್ಲಿ ನೆನೆಹಾಕಿ ಮಗನ ಕುರ್ಚಿಯ ಪಕ್ಕದಲ್ಲಿ ಇಟ್ಟಿದ್ದ. ಸೌನಾದಲ್ಲಿ ಬೆನ್ನಿಗೆ ಬಡಿದುಕೊಳ್ಳಲಿಕ್ಕೆ ಎರಡು ಬರಲು, ಒಂದು ತನಗೆ, ಒಂದು ಮಗನಿಗೆ.

"ಕಲ್ಲು ನೂರಾ ಎಪ್ಪತ್ತು ಕಿಲೋ," ಎಂದ ಔಲಿಸ್ ಯಾರನ್ನೂ ನೋಡದೆ. "ಒಂದೊಂದನ್ನೂ ಆರಿಸಿ ಇಟ್ಟಿದೀನಿ."

"ಅಪ್ಪ ಇದನ್ನ ಬೆಳಗ್ಗಿಂದ ಐದು ಸಲ ಹೇಳಿದಾನೆ," ಎಂದಳು ಸಾಂಪ್ಸನ ಅಕ್ಕ ಮೆರ್ವಿ. ಅವಳು ಕೇಕಿನ ಮೇಲಿನ ಹಣ್ಣು ಮಾತ್ರ ತಿನ್ನುತ್ತಿದ್ದಳು. "ನಮ್ಮನ್ನ ಹುಟ್ಟಿಸುವಾಗ ಇಷ್ಟು ಮುತುವರ್ಜಿ ವಹಿಸಿದ್ಯಾ ಅಪ್ಪ?"

"ನಿನ್ನನ್ನ ಆರಿಸೋಕೆ ಬಿಟ್ಟಿದ್ರೆ ಇನ್ನೂ ಸ್ವಲ್ಪ ಮೆತ್ತಗಿರೋದನ್ನ ತರ್ತಿದ್ದೆ," ಎಂದ ಔಲಿಸ್. ಎಲ್ಲರೂ ನಕ್ಕರು. ಔಲಿಸನೂ ನಕ್ಕ, ಎರಡು ತಿಂಗಳ ಮೇಲೆ. ನಗುತ್ತಲೇ ಮಗನ ಕಡೆ ತಿರುಗಿದ. "ಹೊರಡೋಣ್ವೇನೋ?"

ಸಾಂಪ್ಸ ರೀಕ್ಕಳನ್ನು ನೋಡಲಿಲ್ಲ. ಬಟ್ಟಲು ಕೆಳಗಿಟ್ಟ.

ಗಂಡಸರು ಮೊದಲು, ಹೆಂಗಸರು ಆಮೇಲೆ. ಇದು ಈ ಮನೆಯ ಕ್ರಮ. ರೀಕ್ಕ ತನ್ನ ದನಿ ತನಗೇ ಕೇಳಿದಾಗಲೇ ತಾನು ಬಾಯಿಬಿಟ್ಟದ್ದನ್ನು ಗಮನಿಸಿದಳು.

"ಹಿಲ್ಕ ಹುಟ್ಟಿದ್ದು ಸೌನಾದಲ್ಲಿ ಅಲ್ವಾ?"

ಮೇಜಿನವರೆಲ್ಲ ಅವಳ ಕಡೆ ತಿರುಗಿದರು.

"ಹೌದು," ಎಂದಳು ಹಿಲ್ಕ. "ನಲವತ್ತೆಂಟರಲ್ಲಿ. ಆಗ ಹೆರಿಗೆ ಅಂದ್ರೆ ಸೌನಾನೇ. ಅಷ್ಟು ಶುದ್ಧವಾದ ಜಾಗ ಇನ್ನೆಲ್ಲಿತ್ತು?"

"ಹಾಗಾದ್ರೆ ಹೊಸ ಸೌನಾದ ಕಲ್ಲಿಗೆ ಮೊದಲ ನೀರು ಹಾಕೋ ಹಕ್ಕು ಅವರದಲ್ವಾ, ಔಲಿಸ್? ಇಲ್ಲಿರೋರಲ್ಲಿ ಸೌನಾದಲ್ಲಿ ಹುಟ್ಟಿದೋರು ಅವರೊಬ್ರೇ."

ಮೆರ್ವಿ ಮೇಜು ಬಡಿದು, "ಸೋತೆ ಅಪ್ಪ! ಟೀಚರಮ್ಮ ಪಾಯಿಂಟ್ ಹಿಡಿದ್ಳು," ಎಂದಳು. ಹಿಲ್ಕ ಬೇಡ ಬೇಡ ಎನ್ನುತ್ತಲೇ ತಲೆಗೂದಲು ಸರಿಮಾಡಿಕೊಂಡಳು. ಹೆಂಡತಿಯ ಮುಖದ ಸಂತೋಷ ಕಂಡ ಮೇಲೆ ಔಲಿಸ್ ಇಲ್ಲ ಎನ್ನುವ ಹಾಗಿರಲಿಲ್ಲ. "ಆಗ್ಲಿ. ಅರ್ಧ ಗಂಟೆ. ಬಿಸಿ ಎಲ್ಲ ಮುಗಿಸಿಬಿಡ್ಬೇಡಿ," ಎಂದು ಗೊಣಗಿದ.

ಆಗ ರೀಕ್ಕ ಎದ್ದು ಹಗ್ಗದ ಮೇಲಿದ್ದ ತನ್ನ ಟವೆಲನ್ನೂ ತೆಗೆದುಕೊಂಡಳು. ಸಾಂಪ್ಸನ ಮುಖ ಬಿಳಿಚಿಕೊಂಡಿತು. ಬಿಸಿ ಆಗದ ಹೆಂಡತಿ ಸೌನಾದ ಕಡೆ ನಡೆಯುತ್ತಿದ್ದಳು. ಹಿಲ್ಕಳೂ ಅದನ್ನು ನೋಡಿದಳು.

ಒಳಗೆ ಕತ್ತಲು, ಹೊಸ ಮರದ ವಾಸನೆ, ಸರೋವರದ ಕಡೆಗೆ ಒಂದು ಸಣ್ಣ ಕಿಟಕಿ. ಅತ್ತೆ, ಸೊಸೆ, ಮೆರ್ವಿ ಮೂವರೂ ಬಟ್ಟೆ ಕಳಚಿ ಮೇಲಿನ ಹಲಗೆಯ ಮೇಲೆ ಸಾಲಾಗಿ ಕೂತರು. ಹಿಲ್ಕ ಸೌಟಿನಿಂದ ಕಲ್ಲಿನ ಮೇಲೆ ನೀರು ಚೆಲ್ಲಿದಳು. ಕಲ್ಲು ಬುಸ್ ಎಂದಿತು. ಆವಿ ಎದ್ದು ಸೂರು ಮುಟ್ಟಿ, ಅಲ್ಲಿಂದ ತಿರುಗಿ ಅವರ ಹೆಗಲ ಮೇಲೆ ಇಳಿಯಿತು. ಸೌನಾದಲ್ಲಿ ಚರ್ಚಿನಲ್ಲಿದ್ದ ಹಾಗೆ ಇರಬೇಕು, ಅಲ್ಲಿ ಜಗಳ ತರಬಾರದು ಎಂದು ಎಲ್ಲ ಮನೆಗಳಲ್ಲೂ ಮಕ್ಕಳಿಗೆ ಹೇಳಿಕೊಡುವುದೇ.

ಎರಡನೆಯ ಸೌಟಿನ ಆವಿ ಇಳಿದ ಮೇಲೆ ಹಿಲ್ಕ ಕೇಳಿದಳು. "ನಿನಗೆ ಬಿಸಿ ಆಗಲ್ಲ ಅಂದಿದ್ದ."

"ಆಗುತ್ತೆ ಹಿಲ್ಕ. ಬಿಸಿ ಆಗಬಾರದ್ದು ಸಾಂಪ್ಸನಿಗೆ."

ಆಮೇಲೆ ನಿಲ್ಲಿಸಲಾಗಲಿಲ್ಲ. ತನಗೆ ಬರುವ ಒಂದೇ ರೀತಿಯಲ್ಲಿ, ಪಾಠದ ಹಾಗೆ, ಹೇಳಿದಳು. ಎಷ್ಟು ದಿನ, ಏನು ಬೆಳೆಯುತ್ತದೆ, ಎಷ್ಟು ತಂಪು ಬೇಕು, ಆಗಸ್ಟಿನಲ್ಲಿ ಏನು, ಸೆಪ್ಟೆಂಬರಿನಲ್ಲಿ ಏನು. ಹಿಲ್ಕ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಕೇಳಿದಳು.

"ಹುಚ್ಚು," ಎಂದಳು ಕೊನೆಗೆ. "ಔಲಿಸ್ ಜೀವಮಾನವೆಲ್ಲ ದಿನಾ ಸೌನಾದಲ್ಲಿ ಕೂತ. ನನಗೆ ಇಬ್ಬರು ಹುಟ್ಟಿದ್ರು. ಅವನಪ್ಪನೂ ಕೂತ, ಅವನಿಗೆ ಒಂಬತ್ತು ಮಕ್ಕಳು. ಸೌನಾದಿಂದ ಮಕ್ಕಳಾಗಲ್ಲ ಅನ್ನೋದಾದ್ರೆ ಈ ದೇಶದಲ್ಲಿ ಕರಡಿ ಬಿಟ್ರೆ ಯಾರೂ ಇರ್ತಿರ್ಲಿಲ್ಲ."

ಮೆರ್ವಿ ಟವೆಲಿನಲ್ಲಿ ಮುಖ ಮುಚ್ಚಿ ನಕ್ಕಳು.

"ಎಲ್ಲರಿಗೂ ಹಾಗಾಗಲ್ಲ ಹಿಲ್ಕ. ತುಂಬಾ ಇದ್ದೋರಿಗೆ ಸ್ವಲ್ಪ ಹೋದ್ರೆ ಗೊತ್ತಾಗಲ್ಲ. ಅವನಿಗೆ ಮೊದಲೇ ಕಮ್ಮಿ. ಬಿಟ್ರೆ ಸರಿಹೋಗುತ್ತೆ, ಮತ್ತೆ ಹೊಸದು ಹುಟ್ಟುತ್ತೆ. ನನ್ನದು ಹುಟ್ಟಲ್ಲ. ನನಗೆ ಉಳಿದಿರೋದು ಕೆಲವೇ. ಅವೂ ನಾನು ಹುಟ್ಟೋ ಮುಂಚೆ ಆದವು."

"ಹುಟ್ಟೋ ಮುಂಚೆ?"

"ಎಲ್ಲ ಹೆಂಗಸರಿಗೂ ಹಾಗೇ. ಸಾಂಪ್ಸ ಆಗಿದ್ದು ಯಾವುದರಿಂದಲೋ ಅದು ನೀವು ನಿಮ್ಮಮ್ಮನ ಹೊಟ್ಟೇಲಿರೋವಾಗ್ಲೇ ನಿಮ್ಮಲ್ಲಿತ್ತು."

"ಅಂದ್ರೆ ಅಮ್ಮ ನನ್ನನ್ನ ಸೌನಾದಲ್ಲಿ ಹೆತ್ತಾಗ ಸಾಂಪ್ಸನೂ ಅಲ್ಲೇ ಇದ್ದ." ಹಿಲ್ಕ ತುಸು ಗೆಲುವಿನಿಂದ ಹೇಳಿದಳು. "ಆ ಬಿಸೀಲಿ ಏನೂ ಆಗ್ಲಿಲ್ವಲ್ಲ."

"ನಮ್ಮದು ಒಳಗಿರುತ್ತೆ ಅಮ್ಮ, ಇವರದು ಹೊರಗೆ ಜೋತಾಡುತ್ತೆ," ಎಂದಳು ಮೆರ್ವಿ. "ದೇವರು ಯಾವುದನ್ನ ಭದ್ರವಾಗಿ ಇಡಬೇಕು ಅಂತ ಯೋಚನೆ ಮಾಡೇ ಇಟ್ಟಿದಾನೆ."

ಹಿಲ್ಕ ನಗಲಿಲ್ಲ. ಸೌಟು ಹಿಡಿದ ಅವಳ ಕೈ ಬಕೆಟಿನ ಮೇಲೆಯೇ ನಿಂತಿತ್ತು. "ನನಗೆ ನಂಬ್ಕೆ ಇಲ್ಲ," ಎಂದಳು. "ನನ್ನ ಮಗಂಗೆ ಏನೂ ಕಮ್ಮಿ ಇಲ್ಲ." ಆಮೇಲೆ ಕೇಳಿದಳು. "ಆದ್ರೆ ಅವನು ನಿನ್ನ ಹೆಸರು ಹೇಳಿದ್ದು? ಬಿಸಿ ಆಗದವಳು ನೀನು ಅಂತ ಹೇಳಿದ್ದು?"

ರೀಕ್ಕಳ ಕಣ್ಣಿಗೆ ಬೆವರು ಇಳಿಯುತ್ತಿತ್ತು, ಬೆವರಿನ ಜೊತೆ ಇನ್ನೊಂದೂ ಇಳಿದರೆ ಇಲ್ಲಿ ಯಾರಿಗೂ ಕಾಣುವುದಿಲ್ಲ.

"ಅದನ್ನ ನಂಬಿ ನಾನು ನಿನಗೆ ದಕ್ಕೆ ಮೇಲೆ ಹಾಗೆ ಹೇಳ್ದೆ," ಎಂದು ಹಿಲ್ಕ ತನ್ನಷ್ಟಕ್ಕೆ ಹೇಳಿಕೊಂಡಳು. ಸೌಟನ್ನು ಬಕೆಟಿಗೆ ಹಾಕಿ, ಹಲಗೆಯಿಂದ ಇಳಿದು, ಮೈಮೇಲೆ ನೀರು ಸುರಿದುಕೊಂಡು ಹೊರಗೆ ಹೋದಳು.

ಇವರಿಬ್ಬರೂ ಬಟ್ಟೆ ಹಾಕಿಕೊಂಡು ಬರುವಷ್ಟರಲ್ಲಿ ಔಲಿಸ್ ಸೊಂಟಕ್ಕೆ ಟವೆಲು ಸುತ್ತಿ, ಎರಡೂ ಬರಲು ಹಿಡಿದು, ಸೌನಾದ ಜಗಲಿಯ ಮೇಲೆ ನಿಂತಿದ್ದ. ಸಾಂಪ್ಸ ಶರ್ಟಿನ ಗುಂಡಿ ಬಿಚ್ಚುತ್ತಿದ್ದ. ಹಿಲ್ಕ ಒದ್ದೆ ಕೂದಲಿನಲ್ಲೇ ಮೀನಿನ ಬಲೆಯ ಬುಟ್ಟಿ ಎತ್ತಿಕೊಂಡು ದಕ್ಕೆಯ ಕಡೆ ನಡೆಯುತ್ತಿದ್ದಳು.

"ಸಾಂಪ್ಸ, ಬಾ. ಹುಟ್ಟು ಹಾಕು. ಬಲೆ ಬಿಡ್ಬೇಕು."

"ಬಲೆನಾ?" ಔಲಿಸ್ ಕೂಗಿದ. "ಈಗ? ಸೌನಾ ಕಾದು ಕೂತಿದೆ!"

"ಗಾಳಿ ತಿರುಗ್ತಿದೆ. ಮೀನಿಗೇನು ನಿನ್ನ ಸೌನಾ ಗೊತ್ತಾ?"

"ಗಾಳಿನೇ ಇಲ್ವಲ್ಲೇ!"

ನೀರು ಕನ್ನಡಿಯ ಹಾಗಿತ್ತು. ಒಂದು ಎಲೆ ಅಲುಗುತ್ತಿರಲಿಲ್ಲ. ಹಿಲ್ಕ ತಿರುಗಿ ಮಗನನ್ನು ನೋಡಿದ ರೀತಿಗೆ ಸಾಂಪ್ಸ ಅರ್ಧ ಬಿಚ್ಚಿದ ಶರ್ಟಿನಲ್ಲೇ ಹೋಗಿ ದೋಣಿ ಹತ್ತಿದ. ಹತ್ತುವ ಮುಂಚೆ ಒಮ್ಮೆ ರೀಕ್ಕಳ ಕಡೆ ನೋಡಿದ. ಅವಳು ಮಾತು ಮುರಿದದ್ದು ಅವನಿಗೆ ಆಗಲೇ ತಿಳಿದಿತ್ತು.

ದೋಣಿ ಕೊಲ್ಲಿಯ ನಡುವಿಗೆ ಹೋಗುವುದನ್ನು ರೀಕ್ಕ ಜಗಲಿಯ ಮೆಟ್ಟಿಲ ಮೇಲೆ ಕೂತು ನೋಡಿದಳು. ಹುಟ್ಟು ನಿಂತಿತು. ಬಲೆ ನೀರಿಗೆ ಇಳಿಯಲಿಲ್ಲ. ಹಿಲ್ಕ ಮಾತಾಡುತ್ತಿದ್ದಳು, ಸಾಂಪ್ಸ ತಲೆ ತಗ್ಗಿಸಿದ್ದ. ಇಷ್ಟು ದೂರಕ್ಕೆ ಏನೂ ಕೇಳುತ್ತಿರಲಿಲ್ಲ. ಕೇಳಿದ್ದು ಬೆನ್ನ ಹಿಂದೆ, ಮರದ ಗೋಡೆಯ ಒಳಗೆ. ಔಲಿಸ್ ಕಾದು ಕಾದು ಒಬ್ಬನೇ ಒಳಗೆ ಹೋಗಿದ್ದ. ಕಲ್ಲು ಒಮ್ಮೆ ಬುಸ್ ಎಂದಿತು. ಬಹಳ ಹೊತ್ತಿನ ಮೇಲೆ ಇನ್ನೊಮ್ಮೆ.

"ಬಂದ್ನಾ?" ಒಳಗಿನಿಂದ ದನಿ.

"ಇನ್ನೂ ಇಲ್ಲ ಔಲಿಸ್."

"ಬಿಸಿ ಚೆನ್ನಾಗಿದೆ," ಎಂದಿತು ದನಿ. "ಇಷ್ಟು ಹದವಾದ ಬಿಸಿ ಹಳೇ ಸೌನಾದಲ್ಲಿ ಇರ್ಲಿಲ್ಲ."

ಅವಳು ಬಾಗಿಲಿನ ಕಡೆ ತಿರುಗಿದಳು. ಏನಾದರೂ ಹೇಳಬೇಕೆನ್ನಿಸಿತು. ಒಳಗೆ ಮಾವ, ಹೊರಗೆ ಸೊಸೆ, ನಡುವೆ ಹೊಸ ಹಲಗೆಯ ಬಾಗಿಲು. ಹೇಳುವ ಮಾತೆಲ್ಲ ಇನ್ನೊಬ್ಬರದಾಗಿತ್ತು.

ದೋಣಿ ವಾಪಸು ಬಂದಾಗ ಬಲೆ ಬುಟ್ಟಿಯಲ್ಲಿ ಒಣಗಿದ್ದ ಹಾಗೇ ಇತ್ತು. ಹಿಲ್ಕ ಹತ್ತಿರ ಬಂದು ಒಂದು ಕ್ಷಣ ನಿಂತಳು.

"ನಾಳೆನೂ ಬಲೆ ಬಿಡೋದಿದೆ. ಸೌನಾ ಹೊತ್ತಿಗೇ. ನಾಡಿದ್ದೂ," ಎಂದಳು. ನಂತರ ದನಿ ತಗ್ಗಿಸಿ, "ಆದ್ರೂ ನನಗೆ ನಂಬ್ಕೆ ಇಲ್ಲ, ತಿಳ್ಕೋ," ಎಂದು ಆಲೂಗಡ್ಡೆ ಬೇಯಿಸಲು ಒಳಗೆ ಹೋದಳು.

ಸಾಂಪ್ಸ ದೋಣಿ ಕಟ್ಟಿದವನು ಅಲ್ಲೇ ಬಟ್ಟೆ ಕಳಚಿ ದಕ್ಕೆಯ ತುದಿಯಿಂದ ನೀರಿಗೆ ಹಾರಿದ. ಜೂನ್ ತಿಂಗಳ ಸೈಮಾ, ಸೌನಾದ ಬಿಸಿಯಿಲ್ಲದೆ ಯಾರೂ ಇಳಿಯದಷ್ಟು ತಣ್ಣಗಿರುತ್ತದೆ. ಅವನು ಈಜುತ್ತ ದೂರ ಹೋದ, ಎಷ್ಟು ದೂರವೆಂದರೆ ರೀಕ್ಕ ಎದ್ದು ನಿಂತಳು. ಆಮೇಲೆ ತಲೆ ಈ ಕಡೆ ತಿರುಗಿತು.

ಅದೇ ಹೊತ್ತಿಗೆ ಔಲಿಸ್ ಹೊರಗೆ ಬಂದ. ಕೆಂಪೇರಿದ ಹೆಗಲಿನಿಂದ ಆವಿ ಏಳುತ್ತಿತ್ತು. ಎರಡನೆಯ ಬರಲು ಒಂದು ಎಲೆಯೂ ಉದುರದೆ ಕೈಯಲ್ಲೇ ಇತ್ತು. ದಕ್ಕೆ ಹತ್ತಿ ಬರುತ್ತಿದ್ದ ಮಗನನ್ನು ಅವನು ಮೇಲಿಂದ ಕೆಳಗೆ ನೋಡಿದ.

"ಆವಿಗೆ ಮುಂಚೆ ನೀರಿಗೆ ಬಿದ್ದೋನನ್ನ ಇವತ್ತೇ ನೋಡಿದ್ದು."

"ಅಪ್ಪ," ಎಂದ ಸಾಂಪ್ಸ. ಹಲ್ಲು ಕಟಕಟ ಎನ್ನುತ್ತಿತ್ತು. "ನಾನು ಆಗಸ್ಟ್ ಹದಿನಾರಕ್ಕೆ ಬರ್ತೀನಿ. ಅಲ್ಲಿಯವರೆಗೆ ಆಗಲ್ಲ. ಬಿಸಿ ಆಗದೇ ಇರೋದು ನನಗೆ. ರೀಕ್ಕಗಲ್ಲ. ನನಗೆ."

ಔಲಿಸ್ ಕಾದ. ಸೌನಾದ ಹೊರಗೆ, ಹಗಲ ಬೆಳಕಿನಲ್ಲಿ, ಮಗ ಇನ್ನೂ ಏನಾದರೂ ಹೇಳುತ್ತಾನೇನೋ ಎಂದು ಕಾದ.

"ಹದಿನಾರು ಯಾವ ವಾರ?"

"ಶುಕ್ರವಾರ."

"ಮೊದಲ ಆವಿ ಇವತ್ತು ಆಗ್ಹೋಯ್ತು," ಎಂದ ಔಲಿಸ್. "ಅದು ಮತ್ತೆ ಬರಲ್ಲ." ಎರಡನೆಯ ಬರಲನ್ನು ಜಗಲಿಯ ಮೊಳೆಗೆ ನೇತುಹಾಕಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಸಾಂಪ್ಸ ಟವೆಲು ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂತ, ರೀಕ್ಕಳಿಂದ ಒಂದು ಮಾರು ದೂರದಲ್ಲಿ. ತುಟಿ ನೀಲಿಯಾಗಿತ್ತು. ನೀರನ್ನೇ ನೋಡುತ್ತ ಹೇಳಿದ.

"ಹೇಳಲ್ಲ ಅಂತ ಮಾತು ಕೊಟ್ಟಿದ್ದೆ ನೀನು."

"ಹೌದು."

"ಮೆರ್ವಿ ಮುಂದೆನೂ ಹೇಳ್ಬಿಟ್ಟೆ."

"ಹೌದು."

ಒಳಗೆ ಕಲ್ಲು ಬುಸ್ ಎಂದಿತು. ಇಬ್ಬರೂ ಕೇಳಿಸಿಕೊಂಡರು. ಇನ್ನೂ ಎರಡು ಸಂಜೆ ಹೀಗೇ ಕೇಳಿಸಿಕೊಳ್ಳಬೇಕು, ದೋಣಿ ಹೊರಡುವುದು ಭಾನುವಾರ ರಾತ್ರಿ. ಇನ್ನೂ ಐವತ್ತೈದು ದಿನ. ಅದಾದ ಮೇಲೂ ಅವಳೊಳಗೆ ಹುಟ್ಟುವ ಮುಂಚಿನಿಂದ ಅರ್ಧಕ್ಕೆ ನಿಂತು ಕಾಯುತ್ತಿರುವವುಗಳಲ್ಲಿ ಎಷ್ಟು ಮುಂದೆ ಬರುತ್ತವೋ, ಬರುವುದೇ ಇಲ್ಲವೋ.

ಅವನು ಕೈ ಚಾಚಿ, ಅವಳ ಕಡೆ ನೋಡದೆ, ಅವಳ ಮುಂಗೈ ಮೇಲೆ ತನ್ನ ಅಂಗೈ ಇಟ್ಟ. ಸೌನಾದಿಂದ ಬಂದ ಅವಳ ಕೈ ಇನ್ನೂ ಬೆಚ್ಚಗಿತ್ತು. ಅವನದು ಮೀನಿನ ಹಾಗೆ ತಣ್ಣಗಿತ್ತು.

"ಸಾಕಾ ತಂಪು?" ಎಂದ. ದನಿಯಲ್ಲಿ ಸಿಟ್ಟು ಇನ್ನೂ ಇತ್ತು. "ಬರ್ಕೋ. ಅರವತ್ತೊಂದು."

ಗೀಟು ಎಳೆಯುವ ಕ್ಯಾಲೆಂಡರು ಊರಿನಲ್ಲಿ, ಕಪಾಟಿನ ಒಳಗಿತ್ತು. ಅವಳು ಕೈ ಎಳೆದುಕೊಳ್ಳದೆ, ಇನ್ನೊಂದು ಕೈಯ ಉಗುರಿನಿಂದ ಔಲಿಸನ ಹೊಸ ಮೆಟ್ಟಿಲಿನ ಮೆತ್ತನೆಯ ಮರದ ಮೇಲೆ ಒಂದು ಗೀಟು ಎಳೆದಳು.